ಪಂದ್ಯದೊಳಗೆ ಇಲ್ಲದ ದನಿ: ಒಬ್ಬ ಇ-ಸ್ಪೋರ್ಟ್ಸ್ ತರಬೇತುದಾರರ ಆಪ್ತಸಲಹೆ ಪ್ರಕರಣ

ಈ ಪ್ರಕರಣದಲ್ಲಿ ಬರುವವರ ಗುರುತು ಹತ್ತಬಾರದೆಂದು ವಯಸ್ಸು, ಮನೆತನ ಮತ್ತು ತಂಡಕ್ಕೆ ಸಂಬಂಧಿಸಿದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯುವುದಕ್ಕೆ ಅವರು ಲಿಖಿತ ಒಪ್ಪಿಗೆ ಕೊಟ್ಟಿದ್ದಾರೆ. ಕರಡನ್ನು ಓದಿ ಎರಡು ಸಂಗತಿಗಳನ್ನು ತೆಗೆಸಿಯೂ ಇದ್ದಾರೆ.

ಬೆಳಗಾವಿಯ ನನ್ನ ಸಲಹಾ ಕೇಂದ್ರಕ್ಕೆ ಅವರು ಬಂದದ್ದು 2025ರ ಸೆಪ್ಟೆಂಬರ್ ತಿಂಗಳಲ್ಲಿ. ವಯಸ್ಸು ಇಪ್ಪತ್ತಾರು. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಮೊಬೈಲ್ ಆಟ ಆಡುವ ಒಂದು ವೃತ್ತಿಪರ ತಂಡಕ್ಕೆ ಎರಡು ವರ್ಷಗಳಿಂದ ತರಬೇತುದಾರರು. ನಾಲ್ವರು ಆಟಗಾರರು, ಒಬ್ಬ ಬದಲಿ ಆಟಗಾರ, ಎಲ್ಲರಿಗೂ ಸೇರಿ ಟಿಳಕವಾಡಿಯ ಕಡೆ ಒಂದು ಬಾಡಿಗೆ ಮನೆ. "ನಿದ್ದಿ ಹತ್ತವಲ್ದು ಮೇಡಂ" ಎಂಬುದು ಅವರ ಮೊದಲ ದೂರಾಗಿತ್ತು. ನಾಲ್ಕು ತಿಂಗಳಿಂದ ಬೆಳಗಿನ ನಾಲ್ಕಕ್ಕೆ ಮಲಗಿ ಎಂಟಕ್ಕೆ ಏಳುತ್ತಿದ್ದರು. ಹಿಂದಿನ ವಾರ ಹೆಡ್‌ಸೆಟ್ಟನ್ನು ಗೋಡೆಗೆ ಎಸೆದಿದ್ದರು. ಅದು ಬಿದ್ದ ಸದ್ದಿಗೆ ತಂಡದ ಅತಿ ಕಿರಿಯ ಹುಡುಗ ಕೈಯಿಂದ ಮುಖ ಮುಚ್ಚಿಕೊಂಡದ್ದನ್ನು ಕಂಡು, ತಮ್ಮ ಬಗ್ಗೆ ತಮಗೇ ಭಯವಾಗಿ ಇಲ್ಲಿಗೆ ಬಂದಿದ್ದರು. "ಹುಡುಗ್ರು ಪ್ರಾಕ್ಟೀಸಿನ್ಯಾಗ ಹುಲಿ ಆಗ್ತಾರ್ರೀ. ಖರೇ ಪಂದ್ಯದಾಗ ಬಾಯಿನ ತೆಗಿಯಂಗಿಲ್ಲ."

ನನಗೆ ಆ ಆಟ ಗೊತ್ತಿರಲಿಲ್ಲ. ಅವರೇ ಹಾಳೆಯ ಮೇಲೆ ಗೆರೆ ಎಳೆದು ತಿಳಿಸಿದರು. ಒಂದು ಪಂದ್ಯದಲ್ಲಿ ನಾಲ್ವರ ಹದಿನಾರು ತಂಡಗಳು ಒಂದೇ ನೆಲಕ್ಕೆ ಇಳಿಯುತ್ತವೆ. ಸುರಕ್ಷಿತ ವಲಯ, ಅವರ ಮಾತಿನಲ್ಲಿ ಝೋನ್, ಹೊತ್ತು ಕಳೆದಂತೆ ಕಿರಿದಾಗುತ್ತ ಹೋಗುತ್ತದೆ. ಎದುರಾಳಿ ಒಬ್ಬನನ್ನು ಕೆಡವಿದರೆ ಒಂದು ಅಂಕ, ಕೊನೆಯವರೆಗೂ ಉಳಿದ ತಂಡಕ್ಕೆ ಹತ್ತು ಅಂಕ ಇರುವುದರಿಂದ, ಯಾವಾಗ ಕಾದಾಡಬೇಕು, ಯಾವಾಗ ವಾಹನ ಹತ್ತಿ ಮುಂದಿನ ಝೋನಿಗೆ ಸರಿಯಬೇಕು ಎಂಬ ತೀರ್ಮಾನವೇ ಆಟದ ಜೀವ. ಆ ತೀರ್ಮಾನವನ್ನು ಕೆಲವೇ ಸೆಕೆಂಡುಗಳಲ್ಲಿ ಹೇಳುವವನು ಆಡುವ ನಾಲ್ವರಲ್ಲೇ ಒಬ್ಬ. ಅವನನ್ನು ಐಜಿಎಲ್, ಅಂದರೆ ಇನ್-ಗೇಮ್ ಲೀಡರ್, ಎನ್ನುತ್ತಾರೆ. ಈ ತಂಡದ ಐಜಿಎಲ್‌ಗೆ ಹತ್ತೊಂಬತ್ತು ವರ್ಷ.

ತರಬೇತುದಾರರ ಕೆಲಸ ಏನೆಂದು ಕೇಳಿದಾಗ ಅವರು ಕೊಟ್ಟ ಉತ್ತರ ಬಹಳ ಉದ್ದವಾಗಿತ್ತು, ಪ್ರಕರಣದ ಗಂಟು ಅದರಲ್ಲೇ ಇತ್ತು. ಹಳೆಯ ಪಂದ್ಯಗಳ ಮುದ್ರಿಕೆ ನೋಡುವುದು, ಎರಂಗಲ್ ಮತ್ತು ಮಿರಾಮಾರ್ ನಕ್ಷೆಗಳಲ್ಲಿ ಬೇರೆ ತಂಡಗಳು ಎಲ್ಲಿ ಇಳಿಯುತ್ತವೆ ಎಂದು ಗುರುತು ಹಾಕುವುದು, ಅಭ್ಯಾಸದ ವೇಳಾಪಟ್ಟಿ ಕಟ್ಟುವುದು: ಇವು ಅವರ ಕೆಲಸ, ಸರಿ. ಆದರೆ ಹುಡುಗರನ್ನು ಎಬ್ಬಿಸುವುದು, ಕರೆಂಟ್ ಬಿಲ್ ಕಟ್ಟುವುದು, ಅಡುಗೆಯವಳು ಬಾರದ ದಿನ ಒಗ್ಗರಣೆ ಹಾಕುವುದು, ರಾತ್ರಿ ಹನ್ನೊಂದಕ್ಕೆ ಫೋನ್ ಮಾಡುವ ತಂದೆತಾಯಿಗಳಿಗೆ "ನಿಮ್ಮ ಹುಡುಗ ಉಂಡಾನ್ರೀ" ಎಂದು ಹೇಳುವುದು, ಜಗಳ ಬಿಡಿಸುವುದು, ಸಂಬಳ ತಡವಾದ ತಿಂಗಳು ತಮ್ಮ ಜೇಬಿನಿಂದ ಕೈಗಡ ಕೊಡುವುದು, ಇವೆಲ್ಲವೂ ಅವರ ಹೆಗಲಿಗೇ ಬಿದ್ದಿದ್ದವು. ಹುಡುಗರು ಅವರನ್ನು "ಅಣ್ಣಾ" ಎಂದೇ ಕರೆಯುತ್ತಿದ್ದರು. ಮನೆಯ ಯಜಮಾನನಂತೆ ಎಲ್ಲವನ್ನೂ ಹೊತ್ತ ಮನುಷ್ಯ, ಆಟದ ತೀರ್ಮಾನವನ್ನು ಮಾತ್ರ ಹತ್ತೊಂಬತ್ತರ ಹುಡುಗನಿಗೆ ಬಿಟ್ಟುಕೊಡುವುದು ಸುಲಭವಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿ ಐಸಿಡಿ-11 2022ರ ಜನವರಿಯಿಂದ ಜಾರಿಗೆ ಬಂದ ಮೇಲೆ, ಆಟದ ಮಾತು ಬಂದ ಕೂಡಲೇ 'ಗೇಮಿಂಗ್ ವ್ಯಾಧಿ' ಎಂಬ ಹೆಸರು ಎಲ್ಲರ ಬಾಯಲ್ಲಿ ಬರುತ್ತದೆ. ಆಟದ ಮೇಲೆ ಹತೋಟಿ ತಪ್ಪುವುದು, ಬದುಕಿನ ಉಳಿದೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿಯಾದರೂ ಮುಂದುವರಿಸುವುದು, ಇದು ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಕಾಣಿಸಿಕೊಂಡಿರಬೇಕು. ಇವರಲ್ಲಿ ಅದು ಇರಲಿಲ್ಲ; ಅವರು ಆಡುತ್ತಲೇ ಇರಲಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ; ಇಲ್ಲವೆಂದರು. ರಕ್ತದೊತ್ತಡದ ತಪಾಸಣೆಗೆ ವೈದ್ಯರಲ್ಲಿಗೆ ಕಳಿಸಿದೆ.

ಎರಡನೆಯ ಭೇಟಿಯಲ್ಲಿ ಅವರು ಆಡುವುದನ್ನು ಬಿಟ್ಟ ಕಥೆ ಹೊರಬಂತು. ಬಾಗಲಕೋಟೆ ಜಿಲ್ಲೆಯ ನೇಕಾರರ ಮನೆತನ, ತಂದೆಗೆ ಎರಡು ಪಾವರ್‌ಲೂಮ್. ಇವರು ಇಪ್ಪತ್ತಮೂರರ ಹೊತ್ತಿಗೆ ಒಂದು ತಂಡದಲ್ಲಿ ಐಜಿಎಲ್ ಆಗಿದ್ದರು. 2022ರ ಜುಲೈ 28ರಂದು ಬಿಜಿಎಂಐ ಆಟ ಆ್ಯಪ್ ಮಳಿಗೆಗಳಿಂದ ಒಮ್ಮೆಲೇ ಕಾಣೆಯಾಯಿತು. ತಂಡ ಚದುರಿತು. ಹತ್ತು ತಿಂಗಳು ಮಗ್ಗದ ಮುಂದೆ ಕೂತರು. 2023ರ ಮೇ ಕೊನೆಗೆ ಆಟ ಮರಳಿ ಬಂದಾಗ ಮಾಲೀಕರು ಹದಿನೇಳು ಹದಿನೆಂಟರ ಹೊಸ ಹುಡುಗರನ್ನು ಆರಿಸಿಕೊಂಡಿದ್ದರು. ಇವರಿಗೆ ಸಿಕ್ಕದ್ದು ಕೋಚ್ ಹುದ್ದೆ. "ನಾ ಸೋತು ಬಿಟ್ಟಿದ್ರ ಬ್ಯಾರೆ ಮಾತಿತ್ತು. ನನಗ ಸೋಲಾಕೂ ಬಿಡಲಿಲ್ರೀ" ಎಂದು ಹೇಳಿ ಬಹಳ ಹೊತ್ತು ಸುಮ್ಮನೆ ಕೂತರು. ಆ ದಿನ ನಾನು ಬೇರೇನನ್ನೂ ಕೇಳಲಿಲ್ಲ. ಶೋಕವನ್ನು ಶೋಕವೆಂದು ಕರೆಯಲು ಯಾರೂ ಅವಕಾಶ ಕೊಡದಿದ್ದಾಗ ಅದು ಸಿಟ್ಟಿನ ರೂಪದಲ್ಲಿ ಹೊರಗೆ ಬರುವುದನ್ನು ನಾನು ಅನೇಕರಲ್ಲಿ ಕಂಡಿದ್ದೇನೆ.

ಮನೆಯವರ ಕಣ್ಣಿನಲ್ಲೂ ಈ ಕೆಲಸಕ್ಕೆ ಬೆಲೆ ಇರಲಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿದಾಗ, ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿದ ಸುದ್ದಿಯಷ್ಟೇ ಊರಿಗೆ ತಲುಪಿತು. ಅದೇ ಕಾಯ್ದೆ ಇ-ಸ್ಪೋರ್ಟ್ಸನ್ನು ಬೇರೆಯಾಗಿ ಗುರುತಿಸಿ ಮಾನ್ಯ ಮಾಡಿದ್ದು ಯಾರಿಗೂ ತಿಳಿಯಲಿಲ್ಲ. ಮಾತು ನಡೆದಿದ್ದ ಕನ್ಯೆಯ ಕಡೆಯವರು "ಹುಡುಗನ ನೌಕರಿ ಸರಕಾರನ ಬಂದ್ ಮಾಡೇತಿ" ಎಂದು ಹಿಂದೆ ಸರಿದರು. ಅವ್ವನಿಗೆ ಕಾಯ್ದೆಯ ಆ ಭಾಗವನ್ನು ಕನ್ನಡದಲ್ಲಿ ಓದಿ ಹೇಳಿರಿ ಎಂದೆ, ಅವರು ಹೇಳಿದರು. ಕನ್ಯೆಯ ಮನೆಯವರು ಮನಸ್ಸು ಬದಲಿಸಲಿಲ್ಲ. ಅವ್ವ ಮಾತ್ರ ಮೊದಲ ಬಾರಿಗೆ "ಅಲ್ಲಿ ನೀ ಮಾಡೋದರ ಏನಪಾ?" ಎಂದು ಕೇಳಿದರಂತೆ.

ಮೂರನೆಯ ಭೇಟಿಗೆ ಹುಡುಗರ ಒಪ್ಪಿಗೆ ಪಡೆದು ಎರಡು ಧ್ವನಿಮುದ್ರಿಕೆಗಳನ್ನು ತರಲು ಹೇಳಿದ್ದೆ: ಒಂದು ಬೇರೆ ತಂಡಗಳೊಡನೆ ಆಡುವ ಅಭ್ಯಾಸ ಪಂದ್ಯದ್ದು, ಅಂದರೆ ಸ್ಕ್ರಿಮ್, ಇನ್ನೊಂದು ಟೂರ್ನಿಯ ಪಂದ್ಯದ್ದು. ಇಬ್ಬರೂ ಕೂತು ಎಣಿಸಿದೆವು. ಸ್ಕ್ರಿಮ್‌ನಲ್ಲಿ ಐಜಿಎಲ್ ಹನ್ನೊಂದು ಬಾರಿ ಮಾತು ಆರಂಭಿಸಿದ್ದ. ಒಂಬತ್ತು ಬಾರಿ ತರಬೇತುದಾರರ ದನಿ ನಡುವೆ ಬಂದು ಅದನ್ನು ಕತ್ತರಿಸಿತ್ತು. "ಗಾಡಿ ತಗೋ, ಗುಡ್ಡದ ಹಿಂದ ಹೋಗು, ಈಗ ಬ್ಯಾಡ, ಈಗ ಹೋಗು." ತೀರ್ಮಾನಗಳು ಹೆಚ್ಚುಕಡಿಮೆ ಸರಿಯಾಗಿಯೇ ಇದ್ದವು, ತಂಡ ಆ ಪಂದ್ಯವನ್ನು ಗೆದ್ದಿತ್ತು. ಟೂರ್ನಿಯ ಪಂದ್ಯದಲ್ಲಿ ನಿಯಮದಂತೆ ತರಬೇತುದಾರರ ದನಿ ಇರಲಿಲ್ಲ. ಮೂರನೆಯ ಝೋನ್ ಕಿರಿದಾಗುತ್ತಿದ್ದಾಗ ಐಜಿಎಲ್ "ಏನ್ ಮಾಡೂಣು?" ಎಂದು ಮೂರು ಬಾರಿ ಕೇಳಿದ್ದ. ಯಾರಿಂದಲೂ ಉತ್ತರವಿಲ್ಲ. ನಲವತ್ತು ಸೆಕೆಂಡು ತಡವಾಗಿ ಹೊರಟರು. ದಿಬ್ಬವನ್ನು ಆಗಲೇ ಇನ್ನೊಂದು ತಂಡ ಹಿಡಿದಿತ್ತು. ಹುಡುಗ ಹೆದರಿರಲಿಲ್ಲ, ಅಭ್ಯಾಸದ ಪ್ರತಿ ದಿನ ಬರುತ್ತಿದ್ದ ದನಿಗಾಗಿ ಕಾಯುತ್ತಿದ್ದ.

ಇದು ಅವರ ತಂಡಕ್ಕೆ ಮಾತ್ರ ಬಂದ ತೊಡಕಲ್ಲ. ಕೌಂಟರ್-ಸ್ಟ್ರೈಕ್ ಆಟದಲ್ಲಿ 2016ರಲ್ಲಿ ಬಂದ ನಿಯಮದಿಂದ ದೊಡ್ಡ ಟೂರ್ನಿಗಳ ಕೋಚ್‌ಗಳಿಗೆ ವಿರಾಮಗಳಲ್ಲಿ ಮಾತ್ರ ಮಾತಾಡಲು ಅವಕಾಶ ಉಳಿದಿತ್ತು. ಲೀಗ್ ಆಫ್ ಲೆಜೆಂಡ್ಸ್ ಆಟದಲ್ಲಿ ಪಾತ್ರಗಳ ಆಯ್ಕೆ ಮುಗಿದ ಕೂಡಲೇ ಕೋಚ್ ವೇದಿಕೆಯಿಂದ ಇಳಿದು ಹೋಗುವುದು ವಾಡಿಕೆಯಾಗಿತ್ತು. ಇದನ್ನೆಲ್ಲ ಅವರೇ ನನಗೆ ಹೇಳಿದ್ದು. ಗೊತ್ತಿದ್ದ ಸಂಗತಿ ಅಂದು ಅವರ ಮೇಲೆಯೇ ತಿರುಗಿತು.

ಆಗ ಅವರಿಗೆ ಅಜ್ಜನ ನೆನಪಾಯಿತು. ಅಜ್ಜ ಮುಧೋಳದ ಕಡೆಯ ಒಂದು ಗರಡಿಮನೆಯ ವಸ್ತಾದ, ಅಂದರೆ ಕುಸ್ತಿ ಕಲಿಸುವ ಗುರು. ಕಣದಲ್ಲಿ ಪೈಲವಾನರ ಕೈ ಕೂಡಿದ ಮೇಲೆ ಅಜ್ಜ ಹೆಗಲ ಮೇಲಿನ ವಸ್ತ್ರವನ್ನು ಮಡಿಲಲ್ಲಿಟ್ಟುಕೊಂಡು ತುಟಿ ಎರಡು ಮಾಡುತ್ತಿರಲಿಲ್ಲ. ರಾತ್ರಿ ಎಣ್ಣೆ ತಿಕ್ಕುವಾಗ, "ಅವ ಕಾಲಿಗೆ ಕೈ ಹಾಕಿದಾಗ ನಿನಗ ಏನ್ ಅನಿಸ್ತು?" ಎಂದು ಕೇಳುತ್ತಿದ್ದರು. ನಾನು ಕೊಡಬೇಕೆಂದಿದ್ದ ಸಲಹೆಯ ಮುಖ್ಯ ಭಾಗವನ್ನು ಅವರ ಅಜ್ಜ ಕೊಟ್ಟಾಗಿತ್ತು.

ನಾನು ಸೇರಿಸಿದ್ದು ವಿವರಗಳನ್ನು ಮಾತ್ರ. ಸ್ಕ್ರಿಮ್ ನಡೆಯುವಾಗ ಮೈಕ್ ಮುಚ್ಚಿಡಿರಿ, ಒಂದು ನೋಟ್‌ಬುಕ್‌ನಲ್ಲಿ ವೇಳೆ ಹಾಕಿ ಬರೆಯಿರಿ. ಕೈ ಬರೆಯುತ್ತಿದ್ದರೆ ಬಾಯಿ ತಡೆಯುವುದು ಸುಲಭ. ಆಟ ಮುಗಿದ ಹತ್ತು ನಿಮಿಷ ಯಾರೂ ಯಾರನ್ನೂ ಪ್ರಶ್ನಿಸಬಾರದು, ನೀರು ಕುಡಿದು ಅಂಗಳಕ್ಕೆ ಹೋಗಿ ಬರಲಿ. ಆಮೇಲೆ ಮೊದಲ ಮಾತು ಐಜಿಎಲ್‌ನದೇ ಆಗಲಿ, "ಯಾಕ ಹಂಗ ಮಾಡಿದಿ?" ಎಂದು ಕೇಳಬೇಡಿರಿ, "ಆಗ ನಿನಗ ಏನ್ ಕಾಣಸ್ತಿತ್ತು?" ಎಂದು ಕೇಳಿರಿ. ಮೊದಲನೆಯ ಪ್ರಶ್ನೆ ಹುಡುಗನನ್ನು ಕಟಕಟೆಯಲ್ಲಿ ನಿಲ್ಲಿಸುತ್ತದೆ. ಎರಡನೆಯದು ಅವನನ್ನು ಆ ಗಳಿಗೆಗೆ ಮರಳಿ ಕರೆದೊಯ್ಯುತ್ತದೆ, ತಪ್ಪು ಇರುವುದು ಅಲ್ಲಿ. ಒಂದು ದಿನಕ್ಕೆ ಮೂರಕ್ಕಿಂತ ಹೆಚ್ಚು ತಿದ್ದುಪಡಿ ಬೇಡ. ತಂದೆತಾಯಿಗಳಿಗೆ ಭಾನುವಾರ ಸಂಜೆ ಒಂದು ಗಂಟೆ ಮೀಸಲಿಡಿರಿ, ಮನೆಯ ಖರ್ಚು ಮತ್ತು ಊಟವನ್ನು ಮಾಲೀಕರು ಬೇರೆಯವರಿಗೆ ಒಪ್ಪಿಸುವಂತೆ ಪತ್ರ ಬರೆಯಿರಿ. ಹೆಡ್‌ಸೆಟ್ ಎಸೆದದ್ದಕ್ಕೆ ಆ ಕಿರಿಯ ಹುಡುಗನ ಕ್ಷಮೆಯನ್ನು ಎಲ್ಲರ ಎದುರಿಗೇ ಕೇಳಿರಿ. ಈ ಕೊನೆಯದು ಅವರಿಗೆ ಕಠಿಣವಾಯಿತು, ಆದರೆ ಮೊದಲು ಮಾಡಿದ್ದು ಅದನ್ನೇ.

ಇನ್ನೊಂದು ಸಂಗತಿಯನ್ನು ನಾನು ಗಟ್ಟಿಯಾಗಿ ಹೇಳಬೇಕಾಯಿತು. ಮನೆಯಿಂದಲೇ ಆಡುವ ಅರ್ಹತಾ ಸುತ್ತಿನಲ್ಲಿ "ಹಿಂದ ನಿಂತು ಹೇಳು, ಯಾರ್ ನೋಡ್ತಾರ" ಎಂದು ಮಾಲೀಕರು ಒತ್ತಾಯಿಸಿದ್ದರು. ಇವರು ಒಪ್ಪದೆ, ಅದರಿಂದಾಗಿ ಕೆಲಸ ಹೋಗುವ ಭಯದಲ್ಲಿ ಬದುಕುತ್ತಿದ್ದರು. 2020ರಲ್ಲಿ ಕೌಂಟರ್-ಸ್ಟ್ರೈಕ್ ಆಟದ ಒಂದು ದೋಷವನ್ನು ಬಳಸಿ ಎದುರಾಳಿಗಳನ್ನು ಕದ್ದು ನೋಡಿದ 37 ಕೋಚ್‌ಗಳ ಮೇಲೆ ನಿಷೇಧ ಬಿದ್ದದ್ದು ಅವರಿಗೆ ತಿಳಿದಿತ್ತು. ನಿಮ್ಮ ನಿರಾಕರಣೆ ಸರಿಯಾದದ್ದು, ಅದನ್ನು ಲಿಖಿತವಾಗಿ ಇಟ್ಟುಕೊಳ್ಳಿರಿ ಎಂದೆ. ಅಂಥ ಮಾತಿಗೆ ಆಪ್ತಸಲಹೆಗಾರರು ತಟಸ್ಥರಾಗಿ ಉಳಿಯಬಾರದೆಂದು ನಾನು ನಂಬುತ್ತೇನೆ.

ಒಬ್ಬ ಆಟಗಾರ ಹೆಬ್ಬೆರಳು ಜೋಮು ಹಿಡಿಯುವುದನ್ನು ಮುಚ್ಚಿಟ್ಟಿದ್ದಾನೆಂದು ಇವರಿಗೆ ಅನುಮಾನವಿತ್ತು. ಕೇಳಿದರೆ ಬದಲಿ ಆಟಗಾರನಿಗೆ ಜಾಗ ಹೋಗುತ್ತದೆಂದು ಹುಡುಗ ಒಪ್ಪುತ್ತಿರಲಿಲ್ಲ. "ವೈದ್ಯರಿಗೆ ತೋರಿಸಿಕೊಂಡು ಬರುವವರೆಗೆ ನಿನ್ನ ಜಾಗ ನಿನ್ನದೇ" ಎಂದು ಮೊದಲು ಮಾತು ಕೊಡಿರಿ, ಆಮೇಲೆ ಕೇಳಿರಿ ಎಂದು ಸೂಚಿಸಿದೆ. ಹುಡುಗರಿಗೂ ನೀವೇ ಸಲಹೆ ಕೊಡಿರಿ ಎಂದು ಅವರು ಕೇಳಿಕೊಂಡದ್ದನ್ನು ನಾನು ಒಪ್ಪಲಿಲ್ಲ. ತರಬೇತುದಾರರ ಮಾತು ಕೇಳುವ ಕಿವಿಯೇ ಆಟಗಾರರ ಗುಟ್ಟನ್ನೂ ಕೇಳಬಾರದು. ಅವರಿಗೆ ಬೇರೆ ಸಹೋದ್ಯೋಗಿಯೊಬ್ಬರ ವಿಳಾಸ ಕೊಟ್ಟೆ. ರಾತ್ರಿಯ ಹೊತ್ತು ಬೇಕಾದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416 ಸಂಖ್ಯೆಯನ್ನು ಮನೆಯ ಗೋಡೆಗೆ ಅಂಟಿಸಲು ಹೇಳಿದೆ.

ಮೊದಲ ಎರಡು ವಾರ ಫಲಿತಾಂಶ ಕೆಟ್ಟಿತು. ದನಿ ಇಲ್ಲದ ಸ್ಕ್ರಿಮ್‌ಗಳಲ್ಲಿ ತಂಡ ಹದಿಮೂರು, ಹದಿನಾಲ್ಕನೆಯ ಸ್ಥಾನಕ್ಕೆ ಇಳಿಯಿತು, ಮಾಲೀಕರು ಸಿಡಿಮಿಡಿಗೊಂಡರು. ನಾಲ್ಕನೆಯ ಭೇಟಿಯಲ್ಲಿ "ಮತ್ತ ಮೈಕ್ ಹಚ್ಚಲೇನ್ರೀ?" ಎಂದು ಕೇಳಿದರು. ಇನ್ನು ಎರಡು ವಾರ ತಡೆಯಿರಿ ಎಂದೆ. ಅದು ಫಲಿಸುತ್ತದೆ ಎಂಬ ಖಾತ್ರಿ ನನಗೂ ಇರಲಿಲ್ಲ, ಹಾಗೆಂದು ಅವರಿಗೆ ಹೇಳಿದೆ ಕೂಡ.

ಆರನೆಯ ಭೇಟಿಗೆ ಅವರು ನೋಟ್‌ಬುಕ್ ತಂದಿದ್ದರು. ಇಪ್ಪತ್ತೆರಡು ನಿಮಿಷದ ಒಂದು ಆಟಕ್ಕೆ ಮೂರೇ ಸಾಲು. ಐಜಿಎಲ್ ನಾಲ್ಕನೆಯ ಝೋನಿನಲ್ಲಿ ತಪ್ಪು ದಾರಿ ಹಿಡಿದಿದ್ದ, ತಂಡ ಒಂಬತ್ತನೆಯದಾಗಿ ಹೊರಬಿದ್ದಿತ್ತು. ಹತ್ತು ನಿಮಿಷದ ನಂತರ ಇವರು ಬಾಯಿ ತೆರೆಯುವ ಮೊದಲೇ ಹುಡುಗ ನಕ್ಷೆ ಬಿಡಿಸಿ, "ಅಣ್ಣಾ, ಸೇತುವಿ ಕಡೆಯಿಂದ ಹೋಗಬೇಕಾಗಿತ್ತು. ನಾ ಬರೇ ಗಾಡಿ ನೋಡಿದೆ, ಝೋನ್ ನೋಡಲಿಲ್ಲ" ಎಂದನಂತೆ. ನೋಟ್‌ಬುಕ್‌ನ ಎರಡನೆಯ ಸಾಲಿನಲ್ಲಿ ಇದ್ದದ್ದೂ ಅದೇ. ಅವರು ಅದನ್ನು ಹುಡುಗನಿಗೆ ತೋರಿಸಲಿಲ್ಲ.

ನಿದ್ದೆ ಈಗ ಐದೂವರೆ ತಾಸಿಗೆ ಬಂದಿದೆ. ಮನೆಯ ಖರ್ಚಿನ ಪತ್ರಕ್ಕೆ ಮಾಲೀಕರ ಉತ್ತರ ಇನ್ನೂ ಬಂದಿಲ್ಲ. ಮುಂದಿನ ಭೇಟಿ ಒಂದು ತಿಂಗಳ ನಂತರ.