ತಿಂಗಳಿಗೆ ಎಂಟು ಜನ: ರಿಕ್ರೂಟರ್ ಒಬ್ಬರ ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಮೂವತ್ತು ದಾಟಿದ ಮಹಿಳೆ. ಕಂಪನಿಯೊಂದರ ನೇಮಕಾತಿ ವಿಭಾಗದಲ್ಲಿ ಹಲವು ವರ್ಷದ ಅನುಭವ. ರಾತ್ರಿ ನಿದ್ದೆ ಬರುವುದಿಲ್ಲ, ಫೋನ್ ಸದ್ದಾದರೆ ಎದೆ ಡವಡವ ಎನ್ನುತ್ತದೆ, ಊಟ ಸೇರುವುದಿಲ್ಲ ಎಂದು ಬಂದಿದ್ದರು. ವೈದ್ಯರು ತಪಾಸಣೆ ಮಾಡಿ, ದೇಹಕ್ಕೆ ಏನೂ ಆಗಿಲ್ಲ ಎಂದು ಹೇಳಿ ಕಳಿಸಿದ್ದರು. ಕುಳಿತವರೇ ಆಡಿದ ಮೊದಲ ಮಾತು: “ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ ಅನ್ನಿಸ್ತಿದೆ ಸರ್.”

ಯಾವಾಗ ಹೆಚ್ಚಾಗುತ್ತದೆ ಎಂದು ಕೇಳಿದೆ. ತಿಂಗಳ ಕೊನೆಯ ವಾರ. ಹೊಸ ತಿಂಗಳ ಮೊದಲ ದಿನಗಳಲ್ಲಿ ನಿದ್ದೆ ಪರವಾಗಿಲ್ಲ. ಇಷ್ಟು ಗೊತ್ತಾದ ಮೇಲೆ ಬಾಲ್ಯದ ಕಥೆ ಕೆದಕುವ ಅಗತ್ಯ ನನಗೆ ಕಾಣಲಿಲ್ಲ. “ನಿಮ್ಮ ಟಾರ್ಗೆಟ್ ಏನು?” ಎಂದೆ. “ತಿಂಗಳಿಗೆ ಎಂಟು ಜಾಯಿನಿಂಗ್.” ಅಂದರೆ ಎಂಟು ಜನ ಕೆಲಸಕ್ಕೆ ಬಂದು ಸೇರಬೇಕು. ಇನ್ನೇನಾದರೂ? “ಅಷ್ಟೇ.”

ಮುಂದಿನ ಸಲ ಅವರ ಎಕ್ಸೆಲ್ ಶೀಟ್ ತರಿಸಿಕೊಂಡೆ. ಹೆಸರುಗಳನ್ನು ಅಳಿಸಿ ತಂದಿದ್ದರು. ಕೊನೆಯ ಕಾಲಂನಲ್ಲಿ ಪ್ರತಿ ಅಭ್ಯರ್ಥಿಯ ಸ್ಥಿತಿ ಇತ್ತು. ‘ಆಫರ್ ಕೊಟ್ಟಿದೆ’, ‘ಫೋನ್ ಎತ್ತುತ್ತಿಲ್ಲ’, ‘ಮ್ಯಾನೇಜರ್ ಉತ್ತರ ಬಾಕಿ’. ಈ ಮೂರನೆಯದೇ ಪುಟದ ತುಂಬ. (ಮ್ಯಾನೇಜರ್ ಎಂದರೆ ಇವರ ಮೇಲಧಿಕಾರಿಯಲ್ಲ, ಜನ ಬೇಕೆಂದು ಕೇಳಿದ ವಿಭಾಗದವರು.) ಒಂದು ಸಾಲಿನ ಮೇಲೆ ಅವರು ಬೆರಳಿಟ್ಟರು: ಒಳ್ಳೆಯ ಹುಡುಗ, ಸಂದರ್ಶನವೂ ಚೆನ್ನಾಗಿ ಆಗಿತ್ತು, ಮ್ಯಾನೇಜರ್ ‘ಸರಿ’ ಎಂದು ಬರೆಯುವಷ್ಟರಲ್ಲಿ ಎರಡು ವಾರ. ಅಷ್ಟರಲ್ಲಿ ಅವನು ಬೇರೆ ಕಡೆ ಒಪ್ಪಿಕೊಂಡಾಗಿತ್ತು. ತಿಂಗಳ ವರದಿಯಲ್ಲಿ ಆ ಸಾಲು ಬಿದ್ದದ್ದು ಈಕೆಯ ಖಾತೆಗೆ. ಮಳೆ ಬಾರದ್ದಕ್ಕೆ ಬಿತ್ತಿದವನಿಗೆ ದಂಡ ಹಾಕಿದ ಹಾಗೆ.

ಆದರೆ ನಿದ್ದೆ ಕೆಡಿಸಿದ್ದು ಬರೀ ಇದಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವರೇ ಹೇಳಿದರು: ಕೊನೆಯ ವಾರದಲ್ಲಿ ಲೆಕ್ಕ ತುಂಬಿಸಲು ಸುಮಾರಾದವರನ್ನೂ ಮುಂದೆ ತಳ್ಳುತ್ತಿದ್ದರು. ಕಷ್ಟದ ಹುದ್ದೆಗಳನ್ನು ಮುಟ್ಟುತ್ತಲೇ ಇರಲಿಲ್ಲ, ಸಲೀಸಾಗಿ ತುಂಬುವವನ್ನೇ ಹಿಡಿಯುತ್ತಿದ್ದರು. ಒಬ್ಬ ಅಭ್ಯರ್ಥಿಗೆ ರಾತ್ರಿ ಪಾಳಿಯ ವಿಷಯವನ್ನು ತೇಲಿಸಿ ಹೇಳಿದ್ದರು. ಮನೆಯಲ್ಲಿ ಹಸುಗೂಸಿದ್ದ ಅವನು ಎರಡು ತಿಂಗಳೊಳಗೆ ಬಿಟ್ಟುಹೋದ. ಟಾರ್ಗೆಟ್ ಲೆಕ್ಕದಲ್ಲಿ ಆ ತಿಂಗಳು ‘ಯಶಸ್ಸು’. ಒತ್ತಡ ಎಂದು ಅವರು ಕರೆಯುತ್ತಿದ್ದುದರಲ್ಲಿ ಅರ್ಧ ಪಾಪಪ್ರಜ್ಞೆ. ಒತ್ತಡಕ್ಕೆ ವಿಶ್ರಾಂತಿ ಹೇಳಬಹುದು, ಇದಕ್ಕೆ ಆಗದು.

ಹೀಗಾಗುವುದು ಅವರೊಬ್ಬರ ದೌರ್ಬಲ್ಯವಲ್ಲ. ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸು ನೀತಿಯ ಬಗ್ಗೆ ಹೇಳಿದ್ದು ಇಲ್ಲಿಗೂ ಹೊಂದುತ್ತದೆ: ಹತೋಟಿಗಾಗಿ ಒಂದು ಅಂಕಿಯನ್ನು ಹಿಡಿದು ಜಗ್ಗಿದರೆ ಅದು ಮೊದಲು ತೋರಿಸುತ್ತಿದ್ದ ನಿಜವನ್ನು ತೋರಿಸುವುದನ್ನು ಬಿಡುತ್ತದೆ. ಹಾಗೆಂದು ಟಾರ್ಗೆಟ್ಟೇ ಬೇಡ ಎನ್ನುವವನಲ್ಲ ನಾನು. ಸ್ಪಷ್ಟವಾದ, ತುಸು ಕಷ್ಟದ ಗುರಿ ಇದ್ದರೆ ಜನ ಚೆನ್ನಾಗಿ ಕೆಲಸ ಮಾಡುತ್ತಾರೆಂದು ಎಡ್ವಿನ್ ಲಾಕ್ 1968ರಲ್ಲೇ ತೋರಿಸಿದ್ದರು. ಮುಂದೆ ಗ್ಯಾರಿ ಲೇಥಮ್ ಜೊತೆ ಸೇರಿ ಅವರು ಅದಕ್ಕೆ ಷರತ್ತುಗಳನ್ನೂ ಸೇರಿಸಿದರು: ಗುರಿಯನ್ನು ಆ ವ್ಯಕ್ತಿ ಮನಸ್ಸಿನಿಂದ ಒಪ್ಪಿರಬೇಕು, ನಡುನಡುವೆ ಎಲ್ಲಿದ್ದೇನೆಂದು ತಿಳಿಯುತ್ತಿರಬೇಕು, ಮಾಡುವ ಸಾಮರ್ಥ್ಯ ಇರಬೇಕು. ಟಾರ್ಗೆಟ್ ಮೇಲ್ ಕಳಿಸುವವರು ಮೊದಲರ್ಧ ನೆನಪಿಟ್ಟುಕೊಂಡಿರುತ್ತಾರೆ.

ನಿದ್ದೆಗೆ ಮಾಮೂಲಿ ಕ್ರಮಗಳನ್ನು ಹೇಳಿಕೊಟ್ಟೆ, ಅದು ಬೇಗ ಮುಗಿಯಿತು. ಹೆಚ್ಚು ಹೊತ್ತು ಕುಳಿತದ್ದು ಲೆಕ್ಕಕ್ಕೆ.

ಅವರದೇ ಶೀಟಿನಿಂದ, ಕೊನೆಯಿಂದ ಹಿಂದಕ್ಕೆ ಎಣಿಸಿದೆವು. ಆಫರ್ ಪಡೆದ ಮೂವರಲ್ಲಿ ಇಬ್ಬರು ಬರುತ್ತಾರೆ. ಕೊನೆಯ ಸುತ್ತಿನ ನಾಲ್ಕು ಸಂದರ್ಶನಕ್ಕೆ ಒಂದು ಆಫರ್. ಹಾಗಾದರೆ ಎಂಟು ಜನ ಬರಲು 12 ಆಫರ್, 12 ಆಫರಿಗೆ 48 ಸಂದರ್ಶನ, ಅಂದರೆ ವಾರಕ್ಕೆ 12. ಮ್ಯಾನೇಜರ್‌ಗಳು ಬಿಡುವು ಮಾಡಿಕೊಡುತ್ತಿದ್ದುದು ವಾರಕ್ಕೆ ಆರು ಸಂದರ್ಶನಕ್ಕೆ. ತಿಂಗಳಿಗೆ 24 ಸಂದರ್ಶನ, ಆರು ಆಫರ್, ನಾಲ್ಕು ಜನ. ಈಕೆ ರಾತ್ರಿ ಹಗಲು ಫೋನ್ ಮಾಡಿದ್ದರೂ ಎಂಟು ಬರುತ್ತಿರಲಿಲ್ಲ. ಅವರು ಮತ್ತೊಮ್ಮೆ ತಾವೇ ಗುಣಿಸಿ ನೋಡಿದರು. ನಂತರ ಸಿಟ್ಟು ಬಂತು. ಒಳ್ಳೆಯ ಲಕ್ಷಣ ಎಂದುಕೊಂಡೆ. ಅಷ್ಟು ದಿನ ಆ ಸಿಟ್ಟು ಅವರ ಮೇಲೇ ಇತ್ತು.

ಕೊಟ್ಟ ಸಲಹೆ ಇದು. ಕೆಲಸವನ್ನು ಮೂರು ಪಾಲು ಮಾಡಿ: ನನ್ನ ಕೈಲಿರುವುದು, ಮ್ಯಾನೇಜರ್ ಜೊತೆ ಹಂಚಿಕೊಂಡದ್ದು, ಯಾರ ಕೈಲೂ ಇಲ್ಲದ್ದು. ವೈಯಕ್ತಿಕ ಗುರಿ ಮೊದಲ ಪಾಲಿನಿಂದ ಮಾತ್ರ ಬರಲಿ, ಅದೂ ಎರಡೋ ಮೂರೋ ಸಾಕು. ನಾವು ಆರಿಸಿದ್ದರಲ್ಲಿ ಮುಖ್ಯವಾದದ್ದು: ಅವರು ಕಳಿಸುವ ಪ್ರೊಫೈಲ್‌ಗಳಲ್ಲಿ ಮ್ಯಾನೇಜರ್ ಸಂದರ್ಶನಕ್ಕೆ ಒಪ್ಪುವವು ಮೂರರಲ್ಲೊಂದು ಇದ್ದದ್ದು, ಮೂರು ತಿಂಗಳಲ್ಲಿ ಅರ್ಧಕ್ಕೆ ಏರಬೇಕು. ಇದಕ್ಕೆ ದಾರಿ, ಹುದ್ದೆ ತೆರೆದ ದಿನವೇ ಮ್ಯಾನೇಜರ್ ಜೊತೆ ಅರ್ಧ ಗಂಟೆ ಕೂತು, ಇರಲೇಬೇಕಾದದ್ದು ಯಾವುದು, ಇದ್ದರೆ ಒಳ್ಳೆಯದು ಯಾವುದು ಎಂದು ಬೇರ್ಪಡಿಸಿ ಬರೆದುಕೊಳ್ಳುವುದು. ಮೊದಲ ಐದು ಪ್ರೊಫೈಲ್ ತೋರಿಸಿ ‘ಇವರಲ್ಲಿ ಯಾರು ಬೇಡ, ಏಕೆ ಬೇಡ’ ಎಂದು ಕೇಳಿದ ಮೇಲೆಯೇ ಮುಂದಿನ ಹುಡುಕಾಟ.

ಎರಡನೆಯದು, ಮೊದಲ ಕರೆಯಲ್ಲೇ ಸಂಬಳದ ನಿರೀಕ್ಷೆ, ನೋಟಿಸ್ ಪಿರಿಯಡ್, ಕೈಲಿರುವ ಬೇರೆ ಆಫರ್ ಕೇಳಿ, ಆಫರ್ ಕೊಡುವ ಮುಂಚೆ ಮತ್ತೊಮ್ಮೆ ಕೇಳುವುದು. ಆಫರ್ ಒಪ್ಪಿ ಕೊನೆಗೆ ಬಾರದವರಲ್ಲಿ ಹಲವರ ಕಾರಣ ಆ ಎರಡನೆಯ ಕೇಳುವಿಕೆಯಲ್ಲಿ ಹೊರಬೀಳುತ್ತದೆ. ಪಾಳಿಯ ವಿಷಯವೂ ಮೊದಲ ಕರೆಯಲ್ಲೇ, ತೇಲಿಸದೆ. ಇದರಲ್ಲಿ ರಾಜಿ ಬೇಡ ಎಂದೆ.

ಹುದ್ದೆ ತುಂಬಲು ಹಿಡಿಯುವ ದಿನಗಳನ್ನು ಗಮನಿಸಲಿ, ಟಾರ್ಗೆಟ್ ಮಾಡುವುದು ಬೇಡ. ಸರಾಸರಿಗಿಂತ ನಡುವಿನ ಅಂಕಿ (ಎಲ್ಲವನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದಾಗ ಮಧ್ಯೆ ಬರುವುದು) ನೋಡುವುದು ಮೇಲು, ಏಕೆಂದರೆ ಎಲ್ಲೋ ಸಿಕ್ಕಿಕೊಂಡ ಒಂದು ಹುದ್ದೆ ಸರಾಸರಿಯನ್ನು ಕೆಡಿಸಿಬಿಡುತ್ತದೆ. ಬಂದವರು 90 ದಿನದ ನಂತರವೂ ಇದ್ದಾರೆಯೇ ಎಂಬುದನ್ನು ಅಳೆಯಲೇಬೇಕು, ಆದರೆ ಮ್ಯಾನೇಜರ್ ಜೊತೆ ಸೇರಿಸಿ. ಹೊಸಬರನ್ನು ಓಡಿಸುವ ಮ್ಯಾನೇಜರ್ ತಪ್ಪನ್ನು ರಿಕ್ರೂಟರ್ ತಲೆಗೆ ಕಟ್ಟಬಾರದು. ಸಂದರ್ಶನದ ಅಭಿಪ್ರಾಯ ಎರಡು ಕೆಲಸದ ದಿನದಲ್ಲಿ ಬರಬೇಕೆಂಬುದೂ ಜಂಟಿ ಗುರಿ.

ಮೇಲಧಿಕಾರಿಯ ಜೊತೆ ಆಡಬೇಕಾದ ಮಾತನ್ನು ನನ್ನೆದುರೇ ಅಭ್ಯಾಸ ಮಾಡಿದರು. ಮೊದಲ ಸಲ ಬಂದದ್ದು ದೂರು: “ಮ್ಯಾನೇಜರ್‌ಗಳು ಉತ್ತರಾನೇ ಕೊಡಲ್ಲ ಸರ್.” ದೂರಿಗೆ ಸಮಾಧಾನ ಸಿಗುತ್ತದೆ, ಬದಲಾವಣೆ ಸಿಗುವುದಿಲ್ಲ. ತಿದ್ದಿ ತಿದ್ದಿ ಕೊನೆಗೆ ಹೀಗಾಯಿತು: “ಸರ್, ಈಗ ವಾರಕ್ಕೆ ಆರು ಸಂದರ್ಶನ ನಡೀತಿದೆ, ಅದರಲ್ಲಿ ತಿಂಗಳಿಗೆ ನಾಲ್ಕು ಜನ ಬರ್ತಾರೆ. ಎಂಟು ಬೇಕಿದ್ರೆ ಹನ್ನೆರಡು ಸಂದರ್ಶನ ಬೇಕು. ಅದು ಆಗದಿದ್ರೆ ಯಾವ ನಾಲ್ಕು ಹುದ್ದೆ ಮೊದಲು ತುಂಬಬೇಕು ಅಂತ ನೀವೇ ಹೇಳಿ.”

ಎಲ್ಲವೂ ಸಿಗಲಿಲ್ಲ. ಎಂಟು ಎಂಬ ಅಂಕಿ ಹಾಗೇ ಉಳಿಯಿತು, ಆದರೆ ಅದನ್ನು ಮ್ಯಾನೇಜರ್‌ಗಳ ಹೆಸರಿಗೂ ಸೇರಿಸಿದರು. ಸಂದರ್ಶನಗಳು ವಾರಕ್ಕೆ ಒಂಬತ್ತಾದವು, ಬರುವವರು ಐದೋ ಆರೋ. ಒಬ್ಬ ಮ್ಯಾನೇಜರ್ ಈಗಲೂ ತಡ ಮಾಡುತ್ತಾರೆ. ನಿದ್ದೆ ಬಹುಮಟ್ಟಿಗೆ ಸರಿಹೋಗಿದೆ. ಕೊನೆಯ ವಾರದ ಅಳುಕು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ತಂಡಕ್ಕೆ ಹೊಸದಾಗಿ ಬರುವ ಇಬ್ಬರಿಗೆ ಗುರಿ ಬರೆಯುವ ಹೊಣೆ ಈಗ ಇವರ ಮೇಲಿದೆ. ಅದರ ಕರಡು ತರುತ್ತೇನೆ ಎಂದಿದ್ದಾರೆ. ಮೊದಲ ಮೂರು ತಿಂಗಳು ಅವರಿಗೆ ಜಾಯಿನಿಂಗ್ ಲೆಕ್ಕ ಇಡಬೇಡಿ, ಎಷ್ಟು ಹುದ್ದೆಗಳ ಕೆಲಸ ಅರ್ಥಮಾಡಿಕೊಂಡರು ಎಂಬುದನ್ನಷ್ಟೇ ನೋಡಿ ಎಂದು ಹೇಳಿ ಕಳಿಸಿದ್ದೇನೆ.