ಹದಿನೈದು ಅಡಿ ಏಣಿ ಸಾಲುವುದಿಲ್ಲ, ತಮ್ಮಾ

ಪ್ರಶ್ನೆ: ಕಾಕಾ, ನಾನು ಬನಹಟ್ಟಿಯ ಒಂದು ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ಜಾಬರ್, ಅಂದರೆ ಮಗ್ಗ ರಿಪೇರಿ ಮಾಡುವವನು. ರೋಹಿಣಿ ಮಳೆ ಬರುವುದರೊಳಗೆ ಮೇಲಿನ ಒಡೆದ ಸಿಮೆಂಟ್ ಶೀಟು ಬದಲಿಸು ಎಂದು ಮಾಲಕರು ಹೇಳಿದ್ದಾರೆ. ಸೂರು 14 ಅಡಿ ಎತ್ತರದಲ್ಲಿದೆ, ನಮ್ಮಲ್ಲಿರುವುದು 15 ಅಡಿಯ ಬಿದಿರಿನ ಏಣಿ. ‘15 ಅಡಿಯವರೆಗೆ ಸುರಕ್ಷತಾ ಬೆಲ್ಟ್ ಬೇಕಿಲ್ಲ, ಕಾನೂನೇ ಹಾಗಿದೆ’ ಅನ್ನುತ್ತಾರೆ. ಖರೇನಾ?

ಉತ್ತರ: ಖರೆ ಅಲ್ಲ, ತಮ್ಮಾ. ನಾನು ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ದುಡಿದಷ್ಟು ಕಾಲ ನಮಗೆ ಆಧಾರವಾಗಿದ್ದದ್ದು 1948ರ ಕಾರ್ಖಾನೆ ಕಾಯ್ದೆಯ 32ನೇ ಕಲಮು. ಬೀಳುವ ಸಂಭವವಿರುವ ಎತ್ತರದಲ್ಲಿ ಯಾರಾದರೂ ಕೆಲಸ ಮಾಡಬೇಕಾದರೆ ಸಾಧ್ಯವಿದ್ದಷ್ಟೂ ಕಟಕಟೆಯನ್ನೋ ಬೇರೆ ಆಸರೆಯನ್ನೋ ಮಾಡಿಕೊಡಬೇಕು ಎಂದು ಅದು ಹೇಳಿತ್ತು. ಇಷ್ಟು ಅಡಿಯವರೆಗೆ ಮಾಫಿ ಎಂಬ ಮಾತು ಅದರಲ್ಲಿರಲಿಲ್ಲ. ಬ್ರಿಟನ್ನಿನ 2005ರ ನಿಯಮಗಳಲ್ಲೂ ಏಣಿಗೆ ಇಂತಿಷ್ಟೇ ಎತ್ತರ ಎಂಬ ಮಿತಿ ಇಲ್ಲ. ಅಲ್ಲಿಯ ಸುರಕ್ಷತಾ ಇಲಾಖೆ ಹೊತ್ತು ಮತ್ತು ಭಾರ ನೋಡುತ್ತದೆ: ಏಣಿಯ ಮೇಲೆ ಒಮ್ಮೆಗೆ 30 ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ, 10 ಕಿಲೋಗಿಂತ ಹೆಚ್ಚಿನ ಸಾಮಾನು ಹೊತ್ತು ಹತ್ತಬೇಡಿ ಎನ್ನುತ್ತದೆ. ಒಂದು ಸಿಮೆಂಟ್ ಶೀಟು ಎಷ್ಟು ಭಾರ ಅನ್ನುವುದು ನಿನಗೇ ಗೊತ್ತು. ಅದನ್ನು ಹೊತ್ತು ಏಣಿ ಹತ್ತುವಂತಿಲ್ಲ, ಹಗ್ಗ ಕಟ್ಟಿ ಎಳೆದುಕೊಳ್ಳಬೇಕು.

ಈಗ ನಿನ್ನ ಏಣಿಯ ಲೆಕ್ಕ ಹಾಕೋಣ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ಗೋಡೆಯಿಂದ ದೂರ ಇರಬೇಕು. 14 ಅಡಿಗೆ ಮೂರೂವರೆ ಅಡಿ ದೂರ. ಹಾಗಿಟ್ಟರೆ ಸೂರು ಮುಟ್ಟುವಷ್ಟರಲ್ಲೇ ಸುಮಾರು ಹದಿನಾಲ್ಕೂವರೆ ಅಡಿ ಏಣಿ ಮುಗಿಯುತ್ತದೆ, ಮೇಲೆ ಉಳಿಯುವುದು ಅರ್ಧ ಅಡಿ. ಸೂರಿನಿಂದ ಮೂರು ಅಡಿಯಾದರೂ ಮೇಲೆ ಚಾಚಿರದಿದ್ದರೆ ಇಳಿಯುವಾಗ ಕೈಗೆ ಆಸರೆ ಇರುವುದಿಲ್ಲ. ಕಾಲು ಹಿಂದಕ್ಕೆ ಚಾಚಿ ಮೆಟ್ಟಿಲು ತಡಕಾಡುವ ಆ ಗಳಿಗೆ ಬಹಳ ಕೆಟ್ಟದ್ದು. ನಿನಗೆ 18 ಅಡಿಯ ಏಣಿಯೇ ಬೇಕು. ಎತ್ತರ ಸಾಲದೆಂದು ಬುಡವನ್ನು ಗೋಡೆಗೆ ಸರಿಸಬೇಡ, ಏಣಿ ನಿನ್ನನ್ನು ಹೊತ್ತುಕೊಂಡೇ ಹಿಂದಕ್ಕೆ ಬೀಳುತ್ತದೆ.

ಬುಡದ ವಿಷಯ ಬಂದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಒಂದು ಹಂಗಾಮಿನಲ್ಲಿ ವಾಲ್ವಿನ ಪ್ಯಾಕಿಂಗ್ ಬದಲಿಸಲು ನನ್ನ ಹೆಲ್ಪರ್ ಏಣಿ ಹತ್ತಿದ್ದ. ಎತ್ತರ ಎಂಟೇ ಅಡಿ. ನೆಲದ ಮೇಲೆ ಕಾಕಂಬಿ ಚೆಲ್ಲಿತ್ತು, ಯಾರೋ ನೀರು ಹೊಡೆದು ಅರ್ಧಮರ್ಧ ತೊಳೆದಿದ್ದರು. ಜಾರದಿರಲಿ ಎಂದು ಏಣಿಯ ಕಾಲಡಿ ಗೋಣಿಚೀಲ ಹಾಸಿದವನು ನಾನೇ. ಅವನು ಪಾನಾ ಹಾಕಿ ಜಗ್ಗಿದ ಕೂಡಲೇ ಚೀಲ ಸಮೇತ ಏಣಿ ಜಾರಿತು. ಮುಂಗೈ ಎರಡು ಕಡೆ ಮುರಿಯಿತು. ಮರುವರ್ಷ ಬಂದಾಗಲೂ ಆ ಕೈಯಲ್ಲಿ ಚಹಾದ ಕಪ್ಪು ಗಟ್ಟಿಯಾಗಿ ಹಿಡಿಯಲು ಅವನಿಗೆ ಆಗುತ್ತಿರಲಿಲ್ಲ. ನಿಮ್ಮ ಶೆಡ್ಡಿನ ನೆಲದ ಮೇಲೂ ಎಣ್ಣೆ ಮತ್ತು ಹತ್ತಿಯ ಜುಂಜು ಇರುತ್ತದೆ. ಒರೆಸಿ, ಒಣಗಿಸಿ, ಬರೀ ನೆಲದ ಮೇಲೇ ಏಣಿ ಇಡು. ಬುಡದಲ್ಲಿ ಒಬ್ಬ ಹಿಡಿದು ನಿಲ್ಲಲಿ. ಮೇಲೆ ಹೋದ ಕೂಡಲೇ ಎರಡೂ ಗಳಗಳನ್ನು ಶೀಟು ಹೊತ್ತ ಕಬ್ಬಿಣದ ಆಂಗಲ್‌ಗೆ ಹಗ್ಗದಿಂದ ಬಿಗಿ. ಹತ್ತುವಾಗ, ಇಳಿಯುವಾಗ ಎರಡು ಕಾಲು ಒಂದು ಕೈ, ಇಲ್ಲವೇ ಎರಡು ಕೈ ಒಂದು ಕಾಲು ಏಣಿ ಬಿಡಬಾರದು.

ಸೂರಿಗೆ ಬರುವ ಸರ್ವೀಸ್ ವೈರ್ ಎಲ್ಲಿದೆ ನೋಡಿಕೋ. ಅದರ ಹತ್ತಿರ ಕೆಲಸವಿದ್ದರೆ ವಿದ್ಯುತ್ ಕಂಪನಿಯವರಿಂದಲೇ ಲೈನ್ ಬಂದ್ ಮಾಡಿಸಬೇಕು, ಒಳಗಿನ ಮೇನ್ ಸ್ವಿಚ್ ತೆಗೆದರೆ ಹೊರಗಿನ ವೈರ್ ಸಾಯುವುದಿಲ್ಲ. ಒದ್ದೆ ಬಿದಿರಿನಲ್ಲೂ ಕರೆಂಟು ಹರಿಯುತ್ತದೆ.

ಏಣಿಗಿಂತ ನನಗೆ ಹೆಚ್ಚು ಹೆದರಿಕೆ ಶೀಟಿನದು. ಹಳೆಯ ಸಿಮೆಂಟ್ ಶೀಟು ಮೇಲೆ ಗಟ್ಟಿಯಾಗಿ ಕಂಡರೂ ಮನುಷ್ಯನ ಭಾರಕ್ಕೆ ಒಮ್ಮೆಲೇ ಒಡೆಯುತ್ತದೆ. ನಡುವೆ ಬೆಳಕಿಗೆಂದು ಹಾಕಿದ ಪ್ಲಾಸ್ಟಿಕ್ ಶೀಟು ಬಿಸಿಲಿಗೆ ಹಪ್ಪಳದಂತಾಗಿರುತ್ತದೆ, ಧೂಳು ಕೂತರೆ ಗುರುತೂ ಸಿಗುವುದಿಲ್ಲ. ಬರಿಗಾಲನ್ನೂ ಅದರ ಮೇಲೆ ಇಡಬೇಡ. ಆಂಗಲ್‌ಗಳಿಗೆ ಅಡ್ಡವಾಗಿ ಅಗಲದ ಹಲಗೆ ಹಾಸಿ ಅದರ ಮೇಲೇ ಓಡಾಡು. ಬೆಲ್ಟಿನ ಕೊಕ್ಕೆಯನ್ನು ಏಣಿಗೆ ಹಾಕಬೇಡ, ಸೂರು ಹೊತ್ತ ಗಟ್ಟಿ ಚೌಕಟ್ಟಿಗೆ, ಅಂದರೆ ಟ್ರಸ್ಸಿಗೆ ಹಾಕು. ಹಲಗೆ, ಬೆಲ್ಟ್, 18 ಅಡಿ ಏಣಿ, ಈ ಮೂರನ್ನೂ ಕೊಟ್ಟರೆ ಹತ್ತುತ್ತೇನೆ ಎಂದು ಮಾಲಕರಿಗೆ ಹೇಳು. ಈ ಪುಟವನ್ನೇ ತೋರಿಸು.

ಪ್ರಶ್ನೆ: ಕಾಕಾರೆ, ವಿಜಯಪುರದಲ್ಲಿ ನಮ್ಮದು ಕಿರಾಣಿ ಅಂಗಡಿ. ಮೇಲಿನ ಕಪಾಟು ಮುಟ್ಟಲು ಮಡಚುವ ಏಣಿಯ ಕೊನೆಯ ಮೆಟ್ಟಿಲ ಮೇಲೆ ನಿಲ್ಲುತ್ತೇನೆ. ನಡೆಯುತ್ತದೆಯೇ?

ಉತ್ತರ: ಬೇಡ ತಂಗಿ. ಹಿಡಿದುಕೊಳ್ಳಲು ಮೇಲೆ ಕಂಬಿ ಇರದ ಏಣಿಯಾದರೆ ಕೊನೆಯ ಎರಡು ಮೆಟ್ಟಿಲು ಕಾಲಿಡುವುದಕ್ಕಲ್ಲ. ಎರಡು ಮೆಟ್ಟಿಲು ಹೆಚ್ಚಿರುವ ಏಣಿ ತಗೊಳ್ಳಿ, ಪೂರ್ತಿ ಬಿಚ್ಚಿ ನಡುವಿನ ಪಟ್ಟಿ ಕೂತಿದೆಯೇ ನೋಡಿ. ಬೆಲ್ಲದ ಪೆಂಟಿ, ಎಣ್ಣೆ ಡಬ್ಬಿ ಕೆಳಗಿನ ಕಪಾಟಿಗೆ ಇಳಿಸಿ, ಮೇಲೆ ಹಪ್ಪಳ, ಶಾವಿಗೆ ಇಡಿ.