ಹೊರಗಿನವರು ಬಂದರೆ ಸ್ಥಳೀಯರ ಕೂಲಿ ಕೆಲಸ ಹೋಗುತ್ತದೆಯೇ?

ಒಟ್ಟಾರೆ ಹೋಗುವುದಿಲ್ಲ, ಆದರೆ ಅದೇ ಕೆಲಸ ಮಾಡುವವರ ಕೂಲಿಗೆ ಹೊಡೆತ ಬೀಳಬಹುದು. ಕೋಲಾರದ ನರಸಾಪುರದ ಕಡೆ ಬಿಹಾರ, ಒಡಿಶಾದವರು ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸ ಹಿಡಿದರೆ, ಅದನ್ನೇ ನಂಬಿದ ಊರಿನವನಿಗೆ ಮೇಸ್ತ್ರಿ ಹತ್ತಿರ ಚೌಕಾಸಿ ಮಾಡುವ ಬಲ ಕುಗ್ಗುತ್ತದೆ. ಆದರೆ ಬಂದವರೂ ಬಾಡಿಗೆ ಕಟ್ಟುತ್ತಾರೆ, ದಿನಸಿ ಕೊಳ್ಳುತ್ತಾರೆ. ಕಟ್ಟಡ ಎದ್ದಷ್ಟೂ ಟೆಂಪೋ ಡ್ರೈವರ್‌ಗೆ, ವೈರಿಂಗ್‌ನವನಿಗೆ, ಕನ್ನಡ ಬಲ್ಲ ಸೂಪರ್‌ವೈಸರ್‌ಗೆ ಕೆಲಸ ಹುಟ್ಟುತ್ತದೆ. ಭಾಷೆ ಗೊತ್ತಿರುವ ಸ್ಥಳೀಯ ಅತ್ತ ಸರಿಯಬಲ್ಲ. ಐವತ್ತು ದಾಟಿದ ಗಾರೆಯವನಿಗೆ ಮಾತ್ರ ಅದು ಕಷ್ಟವೇ.

1980ರಲ್ಲಿ ಸುಮಾರು 1.25 ಲಕ್ಷ ಕ್ಯೂಬನ್ನರು ಅಮೆರಿಕಕ್ಕೆ ಬಂದಾಗ ಅಲ್ಲಿನ ಮಿಯಾಮಿ ನಗರದ ದುಡಿಯುವವರ ಸಂಖ್ಯೆ ಶೇ. 7ರಷ್ಟು ಏರಿತು. ಅರ್ಥಶಾಸ್ತ್ರಜ್ಞ ಡೇವಿಡ್ ಕಾರ್ಡ್‌ಗೆ ಸ್ಥಳೀಯರ ಕೂಲಿ ಇಳಿದದ್ದು ಕಾಣಲಿಲ್ಲ. ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜಾರ್ಜ್ ಬೋರ್ಹಾಸ್ ಹೈಸ್ಕೂಲ್ ಮುಗಿಸದವರನ್ನಷ್ಟೇ ಲೆಕ್ಕಕ್ಕೆ ಹಿಡಿದು, ಅವರ ಕೂಲಿ ಸಾಕಷ್ಟು ಇಳಿದಿದೆ ಎಂದರು. ಅವರು ನೋಡಿದ ಗುಂಪು ತೀರಾ ಚಿಕ್ಕದಾದ್ದರಿಂದ ಆ ಲೆಕ್ಕವನ್ನು ಎಷ್ಟು ನಂಬಬಹುದು ಎಂಬ ಜಗಳ ಇನ್ನೂ ಮುಗಿದಿಲ್ಲ.